ಊಟಿ ರೈಲಿನ ಸೀಟು ಯಾರದ್ದು?

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಬೆಂಗಳೂರಿನ ಆಫೀಸುಗಳಲ್ಲಿ ಊಟಿ ಮಾತು ಶುರುವಾಗುತ್ತದೆ. ಈಗ ಅದರ ಜೊತೆ ಇ-ಪಾಸ್ ಗೋಳೂ ಸೇರಿಕೊಂಡಿದೆ. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2024ರ ಮೇ ತಿಂಗಳಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೆ ಹೋಗುವ ಹೊರಗಿನ ಗಾಡಿಗಳು ಇ-ಪಾಸ್ ತೆಗೆದುಕೊಳ್ಳಬೇಕು. 2025ರ ಬೇಸಿಗೆಗೆ ಕೋರ್ಟು ಒಂದು ಮಿತಿಯನ್ನೂ ಹಾಕಿತು: ವಾರದ ದಿನಗಳಲ್ಲಿ 6,000 ಗಾಡಿ, ಶನಿವಾರ ಭಾನುವಾರ 8,000. ಅಲ್ಲಿನವರ ಗಾಡಿಗಳಿಗೂ ಸರ್ಕಾರಿ ಬಸ್ಸಿಗೂ ಇದು ಅನ್ವಯಿಸುವುದಿಲ್ಲ.

ಪಾಸ್ ಸಿಗಲಿಲ್ಲ ಅಂದ ತಕ್ಷಣ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, "ಅಯ್ಯೋ, ರೈಲಿದೆಯಲ್ಲ, ಅದರಲ್ಲೇ ಹೋಗ್ರಿ." ಕೇಳೋಕೆ ಚೆನ್ನಾಗಿದೆ. ಹೊಗೆ ಕಮ್ಮಿ, ಟ್ರಾಫಿಕ್ ಇಲ್ಲ, ಮಕ್ಕಳಿಗೂ ಖುಷಿ. ಆದರೆ ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಗಾಡಿಗೆ ನಾಲ್ಕು ಜನ ಅಂತ ಹಿಡಿದರೆ 8,000 ಗಾಡಿಯಲ್ಲಿ ದಿನಕ್ಕೆ 32,000 ಜನ ಬೆಟ್ಟ ಹತ್ತುತ್ತಾರೆ. ಬೆಟ್ಟದ ಬುಡದ ಮೆಟ್ಟುಪಾಳ್ಯಂನಿಂದ ಊಟಿಗೆ ಹೊರಡುವ ಆ ಪುಟ್ಟ ರೈಲು ಒಂದು ಸಲಕ್ಕೆ ಹೊರುವುದು ಇನ್ನೂರರ ಆಸುಪಾಸು ಮಂದಿಯನ್ನು. ಅಂದರೆ ರೈಲು ಕಾರಿನ ಜಾಗ ತುಂಬುವ ಮಾತೇ ಇಲ್ಲ. ಇರುವ ಆ ಇನ್ನೂರು ಸೀಟಿಗೆ ಚೆನ್ನೈ, ಕೊಯಮತ್ತೂರು, ಬೆಂಗಳೂರು, ಕೇರಳ ಎಲ್ಲ ಕಡೆಯವರೂ ಸಾಲು ನಿಂತಿರುತ್ತಾರೆ. ಬುಕಿಂಗ್ ತೆರೆದ ದಿನವೇ ಐಆರ್‌ಸಿಟಿಸಿಯಲ್ಲಿ ಕಣ್ಣು ನೆಟ್ಟು ಕೂರದಿದ್ದರೆ ರಜೆಯ ಸೀಸನ್ನಿನಲ್ಲಿ ಟಿಕೆಟ್ ಸಿಗುವುದು ಕಷ್ಟ.

ಬೆಂಗಳೂರಿನವರಿಗೆ ಇನ್ನೊಂದು ತೊಡಕಿದೆ, ಅದನ್ನು ಯಾರೂ ಹೇಳುವುದಿಲ್ಲ. ನಾವು ಊಟಿಗೆ ಹೋಗುವುದು ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿಕೊಂಡು. ಆಮೇಲೆ ಗೂಡಲೂರು ಕಡೆಯಿಂದಲೋ ಮಸಿನಗುಡಿ ಕಡೆಯಿಂದಲೋ ಬೆಟ್ಟ ಹತ್ತುತ್ತೇವೆ. ರೈಲು ಇರುವುದು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಕೊಯಮತ್ತೂರಿನ ದಿಕ್ಕಿಗೆ. ಚೆನ್ನೈಯವರಿಗೆ ನೀಲಗಿರಿ ಎಕ್ಸ್‌ಪ್ರೆಸ್ ಇದೆ, ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಮೆಟ್ಟುಪಾಳ್ಯಂ, ಅಲ್ಲೇ ಇಳಿದು ಬೆಟ್ಟದ ರೈಲು ಹಿಡಿಯಬಹುದು. ನಮಗೆ ಹಾಗೆ ಹೊಂದಿಸಿದ ರೈಲಿಲ್ಲ, ಕೊಯಮತ್ತೂರಿಗೆ ಹೋಗಿ ಅಲ್ಲಿಂದ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಹಾಗಾಗಿ ನಮ್ಮವರಲ್ಲಿ ತುಂಬಾ ಜನ ಮಾಡುವುದು ಇಷ್ಟು: ಕಾರಲ್ಲೇ ಊಟಿ ಸೇರುತ್ತಾರೆ, ಕಾರನ್ನು ಹೋಟೆಲಿನಲ್ಲಿ ಬಿಟ್ಟು ಊಟಿಯಿಂದ ಕೂನೂರಿಗೆ ರೈಲಲ್ಲಿ ಒಂದು ರೌಂಡು ಹೋಗಿ ಬರುತ್ತಾರೆ. ಫೋಟೋ ಆಯಿತು, ವಿಡಿಯೋ ಆಯಿತು. ಹೀಗೆ ಹೋದರೆ ರಸ್ತೆಯಲ್ಲಿ ಒಂದು ಕಾರೂ ಕಡಿಮೆಯಾಗಲಿಲ್ಲ, ರೈಲಲ್ಲಿ ಮಾತ್ರ ನಾಲ್ಕು ಸೀಟು ಹೋಯಿತು.

ಆ ನಾಲ್ಕು ಸೀಟು ಯಾರದ್ದು ಎಂಬುದೇ ಇಲ್ಲಿನ ತಕರಾರು. ಅದು ಅರ್ಥವಾಗಬೇಕಾದರೆ ರೈಲು ಹೇಗೆ ಓಡುತ್ತದೆ ಅನ್ನುವುದನ್ನು ಸ್ವಲ್ಪ ನೋಡಬೇಕು.

ನೀಲಗಿರಿ ರೈಲು ಒಟ್ಟು 46 ಕಿ.ಮೀ. ಹಳಿಯ ಅಗಲ ಒಂದು ಮೀಟರ್. ನಮ್ಮ ರೈಲ್ವೆಯ ಲೆಕ್ಕದಲ್ಲಿ ಇದು ಮೀಟರ್ ಗೇಜ್, ಡಾರ್ಜಿಲಿಂಗ್‌ನ 610 ಮಿ.ಮೀ. ಮತ್ತು ಶಿಮ್ಲಾದ 762 ಮಿ.ಮೀ. ಹಳಿಗಳಷ್ಟು ಕಿರಿದಲ್ಲ, ಆದರೆ ಸಂಕಟ ಎಲ್ಲಕ್ಕೂ ಒಂದೇ. ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದೆ, ಊಟಿ 2,200 ಮೀಟರಿನ ಹತ್ತಿರ. ಮಧ್ಯೆ 208 ತಿರುವು, 16 ಸುರಂಗ, 250 ಸೇತುವೆ. ಬೆಳಿಗ್ಗೆ ಏಳು ಗಂಟೆ ದಾಟುತ್ತಿದ್ದಂತೆ ಕೆಳಗಿನಿಂದ ಹೊರಟ ಗಾಡಿ ಊಟಿ ಮುಟ್ಟುವಾಗ ಮಧ್ಯಾಹ್ನವಾಗಿರುತ್ತದೆ.

ಈ 46 ಕಿ.ಮೀ. ಕಾಗದದ ಮೇಲೆ ಒಂದೇ ಮಾರ್ಗ. ನಿಜದಲ್ಲಿ ಎರಡು ರೈಲು.

ಮೊದಲನೆಯದು ಬೆಟ್ಟದ ಬುಡದ ಕಲ್ಲಾರ್‌ನಿಂದ ಕೂನೂರಿನವರೆಗಿನ ಕಡಿದಾದ ಏರು. ಇಲ್ಲಿ ಪ್ರತಿ 12 ಮೀಟರಿಗೆ ಹೆಚ್ಚುಕಮ್ಮಿ ಒಂದು ಮೀಟರ್ ಮೇಲೆ ಹೋಗಬೇಕು. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯನ್ನೇ ಕಷ್ಟದ ಘಾಟಿ ಅನ್ನುತ್ತೇವೆ, ಅಲ್ಲಿನ ಏರು 50ಕ್ಕೆ 1. ಅದರ ನಾಲ್ಕು ಪಟ್ಟು ಕಡಿದು ಅಂದುಕೊಳ್ಳಿ. ಮಾಮೂಲಿ ಚಕ್ರ ಇಲ್ಲಿ ಜಾರುತ್ತದೆ. ಅದಕ್ಕೆ ಎರಡು ಹಳಿಗಳ ನಡುವೆ ಹಲ್ಲಿನ ಕಬ್ಬಿಣದ ಪಟ್ಟಿ ಹಾಕಿದ್ದಾರೆ. ಒಂದಲ್ಲ, ಪಕ್ಕಪಕ್ಕದಲ್ಲಿ ಎರಡು ಪಟ್ಟಿ, ಒಂದರ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರುವ ಹಾಗೆ. ಇಂಜಿನ್ನಿನ ಹೊಟ್ಟೆಯ ಕೆಳಗಿರುವ ಹಲ್ಲಿನ ಚಕ್ರ ಯಾವ ಕ್ಷಣದಲ್ಲೂ ಹಿಡಿತ ಬಿಡುವುದಿಲ್ಲ. ಇಂಜಿನ್ನಿಗೆ ನಾಲ್ಕು ಸಿಲಿಂಡರ್, ಎರಡು ಮಾಮೂಲಿ ಚಕ್ರಕ್ಕೆ, ಇನ್ನೆರಡು ಹಲ್ಲಿನ ಚಕ್ರಕ್ಕೆ. ಈ ಉಗಿ ಇಂಜಿನ್‌ಗಳ ಮೂಲ ವಿನ್ಯಾಸ ಸ್ವಿಟ್ಜರ್ಲೆಂಡಿನದು, ಈಚಿನ ಕೆಲವನ್ನು ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲೇ ಮಾಡಿದ್ದಾರೆ. ಇಂಜಿನ್ ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ಬೋಗಿ ಕಳಚಿಕೊಂಡು ಹಿಂದಕ್ಕೆ ಉರುಳದಿರಲಿ ಅಂತ ಈ ಏರ್ಪಾಡು. ಆದರೆ ಡ್ರೈವರ್‌ಗೆ ಮುಂದೇನಿದೆ ಕಾಣುವುದಿಲ್ಲ, ಹಾಗಾಗಿ ಬೋಗಿಯ ಮುಂದಿನ ಕಟ್ಟೆಯ ಮೇಲೆ ಬ್ರೇಕ್ ಹಿಡಿದು ಒಬ್ಬ ನಿಂತಿರುತ್ತಾನೆ, ಕೈಯಲ್ಲಿ ಬಾವುಟ. ಹಿಲ್‌ಗ್ರೋವ್‌ನಂಥ ಕಡೆ ನಿಂತು ಇಂಜಿನ್ನಿಗೆ ನೀರು ಕುಡಿಸಬೇಕು.

ಇಂಥ ಗಾಡಿಗೆ "ಇನ್ನೆರಡು ಬೋಗಿ ಸೇರಿಸಿ, ದಿನಕ್ಕೆ ಐದು ಟ್ರಿಪ್ ಓಡಿಸಿ" ಅನ್ನುವುದು ಆಗದ ಮಾತು. ಇಂಜಿನ್ ತಾಕತ್ತು ಅಷ್ಟೇ, ಹಳಿ ಒಂಟಿ, ಸುತ್ತ ಕಾಡು. ಕಲ್ಲಾರಿನ ಆಸುಪಾಸು ಆನೆ ದಾರಿ. 2022ರ ಆರಂಭದಲ್ಲಿ ಹಳಿ ಪಕ್ಕ ಕಟ್ಟಿದ ತಡೆಗೋಡೆಯಿಂದಾಗಿ ಆನೆಗಳು ದಾಟಲಾರದೆ ಒದ್ದಾಡುವ ವಿಡಿಯೋ ಎಲ್ಲ ಕಡೆ ಹರಿದಾಡಿತು, ಆಮೇಲೆ ಗೋಡೆ ಒಡೆಸಬೇಕಾಯಿತು. ಜೊತೆಗೆ ಹಿಂಗಾರು ಮಳೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮಣ್ಣು ಕುಸಿಯುವುದು, ಬಂಡೆ ಹಳಿಯ ಮೇಲೆ ಬೀಳುವುದು, ಕೆಳಗಿನ ಸರ್ವಿಸ್ ನಿಲ್ಲುವುದು, ಇದು ಅಲ್ಲಿ ಹೊಸ ಸುದ್ದಿಯೇ ಅಲ್ಲ. ನಾಳೆ ಕೆಲಸಕ್ಕೆ ಹೋಗಬೇಕಾದವರು ಇಂಥ ರೈಲನ್ನು ನಂಬಿಕೊಂಡು ಕೂರೋಕಾಗುತ್ತಾ?

ಎರಡನೆಯ ರೈಲು ಕೂನೂರಿನಿಂದ ಊಟಿಗೆ. ಹತ್ತೊಂಬತ್ತು ಕಿ.ಮೀ. ಇರಬಹುದು. ಹಲ್ಲಿನ ಪಟ್ಟಿ ಇಲ್ಲ, ಡೀಸೆಲ್ ಇಂಜಿನ್, ಏರು ಇದ್ದರೂ ಸೌಮ್ಯ. ಈ ಭಾಗದ ಸ್ಟೇಷನ್ನುಗಳ ಹೆಸರು ನೋಡಿ: ವೆಲಿಂಗ್ಟನ್, ಅರವಂಕಾಡು, ಕೇತಿ, ಲವ್‌ಡೇಲ್, ಫರ್ನ್‌ಹಿಲ್. ವೆಲಿಂಗ್ಟನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರ, ಸೇನೆಯ ಸ್ಟಾಫ್ ಕಾಲೇಜು. ಅರವಂಕಾಡಿನಲ್ಲಿ ನೂರು ವರ್ಷ ದಾಟಿದ ಕಾರ್ಡೈಟ್ (ಗುಂಡಿಗೆ ಬೇಕಾದ ಸಿಡಿಮದ್ದು) ಫ್ಯಾಕ್ಟರಿ. ಲವ್‌ಡೇಲ್‌ನಲ್ಲಿ ಹಳೆಯ ಬೋರ್ಡಿಂಗ್ ಶಾಲೆ. ಫರ್ನ್‌ಹಿಲ್ ಅಂದರೆ ನಮಗೂ ನಂಟಿದೆ, ಮೈಸೂರು ಮಹಾರಾಜರ ಬೇಸಿಗೆ ಅರಮನೆ ಅಲ್ಲೇ, ಕರ್ನಾಟಕ ತೋಟಗಾರಿಕೆ ಇಲಾಖೆಯ ಉದ್ಯಾನವೂ ಅಲ್ಲೇ. ಕೇತಿ ಕಣಿವೆಯಲ್ಲಿ ನೀಲಗಿರಿಯ ಬಡಗ ಸಮುದಾಯದವರ ಹಟ್ಟಿಗಳು, ಸುತ್ತ ಕ್ಯಾರೆಟ್, ಆಲೂಗಡ್ಡೆ, ಕೋಸು. ಅಂದರೆ ಇದು ಕೆಲಸಕ್ಕೆ ಹೋಗುವವರ, ಶಾಲೆಗೆ ಹೋಗುವವರ, ಆಸ್ಪತ್ರೆಗೆ ಸಂತೆಗೆ ಹೋಗುವವರ ಸಾಲು ಊರುಗಳು. ಮೇಲಿನ ಈ ತುಂಡು ಒಂದು ಪಟ್ಟಣದ ಲೋಕಲ್ ರೈಲಾಗೋಕೆ ಹೇಳಿ ಮಾಡಿಸಿದಂತಿದೆ. ಕೆಳಗೆ ಕುಸಿತವಾಗಿ ಸಂಚಾರ ನಿಂತ ಎಷ್ಟೋ ದಿನ ಮೇಲೆ ಮಾತ್ರ ರೈಲು ಓಡಿಕೊಂಡೇ ಇರುತ್ತದೆ.

ಆದರೂ ಊರಿನವರು ಅದರಲ್ಲಿ ಯಾಕೆ ಜಾಸ್ತಿ ಕಾಣುವುದಿಲ್ಲ?

ಕೇತಿ ಸ್ಟೇಷನ್ನಿನ ಹತ್ತಿರ ತರಕಾರಿ ಮೂಟೆ ಹೊಲಿಸುತ್ತಿದ್ದ ಹಿರಿಯರೊಬ್ಬರನ್ನು ಒಮ್ಮೆ ಕೇಳಿದ್ದೆ. ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದರು. "ಯಜಮಾನ್ರೇ, ಮನೆ ಮುಂದೇನೇ ಸ್ಟೇಷನ್ ಇದೆ, ಊಟಿಗೆ ರೈಲಲ್ಲಿ ಹೋಗಲ್ವಾ?" ಅಂದೆ. ಅವರು ನಕ್ಕು, "ರೈಲು ಬರೋ ಹೊತ್ತಿಗೆ ನಮ್ ಕೆಲ್ಸ ಮುಗ್ದಿರ್ತದೆ ಸಾರ್. ಬಂದ್ರೂ ಒಳಗೆಲ್ಲಾ ನಿಮ್ಮೋರೇ ಕೂತಿರ್ತಾರೆ. ಬಸ್ಸಾದ್ರೆ ಕೈ ಅಡ್ಡ ಹಾಕಿದ್ರೆ ನಿಲ್ತದೆ" ಅಂದರು. ಸಿಟ್ಟೇನೂ ಇರಲಿಲ್ಲ, ಹವಾಮಾನ ಹೇಳುವ ಧಾಟಿಯಲ್ಲಿ ಹೇಳಿದರು.

ಅವರು ಹೇಳಿದ್ದರಲ್ಲಿ ಎರಡು ವಿಷಯ ಇದೆ, ಹೊತ್ತು ಮತ್ತು ಜಾಗ. ಟಿಕೆಟ್ ದರದ ಸುದ್ದಿಯನ್ನೇ ಅವರು ಎತ್ತಲಿಲ್ಲ. ಆದರೆ ಈ ರೈಲಿನ ಬಗ್ಗೆ ಪೇಪರಿನಲ್ಲಿ, ಟೀವಿಯಲ್ಲಿ ನಡೆಯುವ ಜಗಳವೆಲ್ಲ ದರದ ಸುತ್ತಲೇ. 2018ರಲ್ಲಿ ದರ ಹಲವು ಪಟ್ಟು ಏರಿದಾಗ ಗಲಾಟೆಯಾಯಿತು. 2020ರ ಡಿಸೆಂಬರಿನಲ್ಲಿ ಒಂದು ಖಾಸಗಿ ಸಂಸ್ಥೆ ಇಡೀ ಗಾಡಿಯನ್ನೇ ಬಾಡಿಗೆಗೆ ಹಿಡಿದು ಸುಮಾರು 3,000 ರೂಪಾಯಿಗೆ ಟಿಕೆಟ್ ಮಾರಿದಾಗ ಇನ್ನೂ ದೊಡ್ಡ ಗಲಾಟೆ. ರೈಲನ್ನು ಮಾರಿಬಿಟ್ಟರು ಅಂತ ಜನ ಕೂಗಿದರು, ರೈಲ್ವೆ ಇಲಾಖೆ ಇದು ಬರೀ ಚಾರ್ಟರ್ ಗಾಡಿ, ಖಾಸಗೀಕರಣ ಅಲ್ಲ ಅಂತ ಸಮಜಾಯಿಷಿ ಕೊಡಬೇಕಾಯಿತು.

ನನ್ನ ಮಟ್ಟಿಗೆ ಹೇಳುವುದಾದರೆ, ಕೆಳಗಿನ ಹಲ್ಲಿನ ಹಳಿಯ ಮೇಲೆ ಉಗಿಬಂಡಿಯಲ್ಲಿ ಹೋಗುವ ಪ್ರವಾಸಿಗೆ ದರ ಜಾಸ್ತಿ ಇಟ್ಟರೆ ತಪ್ಪೇನೂ ಇಲ್ಲ. ಈ ಇಂಜಿನ್ನಿನ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಒಂದೊಂದನ್ನೂ ಕೈಯಾರೆ ಮಾಡಬೇಕು. 1992ರಿಂದ ದೇಶದ ಮೀಟರ್ ಗೇಜನ್ನೆಲ್ಲ ಬ್ರಾಡ್ ಗೇಜ್ (ಅಗಲ ಹಳಿ) ಮಾಡುತ್ತಾ ಬಂದ ಮೇಲಂತೂ ಬೋಗಿ, ಡೀಸೆಲ್ ಇಂಜಿನ್ ಎರಡಕ್ಕೂ ಬರ. ಹೋಟೆಲ್ ರೂಮಿಗೆ ರಾತ್ರಿಗೆ ನಾಲ್ಕೈದು ಸಾವಿರ ಎಣಿಸಿಕೊಡುವ ನಾವು ನೂರು ವರ್ಷದ ಯಂತ್ರಕ್ಕೆ ಕೆಲವು ನೂರು ಕೊಡೋಕೆ ಗೊಣಗುವುದು ಸ್ವಲ್ಪ ಅತಿಯೇ. ಆದರೆ ಅದೇ ಕಣ್ಣಿನಿಂದ ಕೇತಿಯಿಂದ ಕೂನೂರಿಗೆ ಹೋಗುವವಳನ್ನೂ ನೋಡಿ ದರ ಕಟ್ಟಿದರೆ, ಸೀಟು ಹಂಚಿದರೆ, ಟೈಮಿಟ್ಟರೆ, ಅಲ್ಲಿ ತಪ್ಪು ಶುರುವಾಗುತ್ತದೆ.

ಬೇರೆ ಬೆಟ್ಟಗಳಲ್ಲಿ ಏನಾಗಿದೆ ನೋಡಿ. ಯುನೆಸ್ಕೋ ಪಟ್ಟಿಯಲ್ಲಿ ನಮ್ಮ ಮೂರು ಬೆಟ್ಟದ ರೈಲುಗಳಿವೆ: 1999ರಲ್ಲಿ ಡಾರ್ಜಿಲಿಂಗ್, 2005ರಲ್ಲಿ ನೀಲಗಿರಿ, 2008ರಲ್ಲಿ ಕಾಲ್ಕಾ-ಶಿಮ್ಲಾ. ಡಾರ್ಜಿಲಿಂಗ್‌ನಲ್ಲಿ ಪೂರ್ತಿ ದಾರಿ ರೈಲಲ್ಲಿ ಹೋಗೋಕೆ ಏಳು ಗಂಟೆಗೂ ಮೀರಿ ಬೇಕು, ಶೇರ್ ಜೀಪು ಅದರ ಅರ್ಧ ಹೊತ್ತಿನಲ್ಲಿ ಮುಟ್ಟಿಸುತ್ತದೆ. ಅಲ್ಲಿನವರು ರೈಲು ಬಿಟ್ಟು ಜೀಪು ಹತ್ತಿ ಬಹಳ ಕಾಲವಾಯಿತು. ಈಗ ಅಲ್ಲಿ ಡಾರ್ಜಿಲಿಂಗ್‌ನಿಂದ ಘೂಮ್‌ಗೆ ಹೋಗಿ ಬರುವ ಜಾಯ್‌ರೈಡಿನದೇ ಭರಾಟೆ.

ಪಟ್ಟಿಯಲ್ಲಿ ಇಲ್ಲದ ಒಂದು ರೈಲಿದೆ, ಹಿಮಾಚಲದ ಕಾಂಗ್ರಾ ಕಣಿವೆಯದು. ಪಠಾಣ್‌ಕೋಟ್‌ನಿಂದ ಜೋಗಿಂದರ್ ನಗರಕ್ಕೆ 164 ಕಿ.ಮೀ., 1929ರಲ್ಲಿ ಶುರುವಾದದ್ದು. ಜೋಗಿಂದರ್ ನಗರದ ವಿದ್ಯುತ್ ಯೋಜನೆಗೆ ಸಾಮಾನು ಸಾಗಿಸೋಕೆ ಅಂತ ಹಾಕಿದ ಹಳಿ, ಆಮೇಲೆ ಹಳ್ಳಿಯವರ ರೈಲಾಯಿತು. ಟಿಕೆಟ್ ಬಸ್ಸಿಗಿಂತ ತೀರಾ ಅಗ್ಗ. ಶಾಲೆ ಮಕ್ಕಳು, ಕೂಲಿಯವರು, ದೇವಸ್ಥಾನಕ್ಕೆ ಹೋಗುವವರು ಅದನ್ನೇ ನೆಚ್ಚಿಕೊಂಡಿದ್ದರು. 2022ರ ಆಗಸ್ಟಿನಲ್ಲಿ ಪಠಾಣ್‌ಕೋಟ್ ಹತ್ತಿರ ಚಕ್ಕಿ ನದಿಯ ರೈಲು ಸೇತುವೆ ಪ್ರವಾಹಕ್ಕೆ ಕುಸಿದು ಬಿತ್ತು. ನದಿಯಲ್ಲಿ ಅಕ್ರಮವಾಗಿ ಮರಳು ತೆಗೆದದ್ದೇ ಕಾರಣ ಅಂತ ಅಲ್ಲಿನವರು ಆಗಲೇ ದೂರಿದ್ದರು. ಪಠಾಣ್‌ಕೋಟ್‌ನ ಸಂಪರ್ಕ ಅಲ್ಲಿಗೇ ಕಡಿಯಿತು, ಹೊಸ ಸೇತುವೆಗೆ ವರ್ಷಗಳೇ ಹಿಡಿದವು. ಅದರ ಮರುವರ್ಷ, 2023ರ ಆಗಸ್ಟಿನಲ್ಲಿ, ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಗುಡ್ಡ ಜಾರಿ ಹಳಿಯ ಕೆಳಗಿನ ನೆಲವೇ ಹೋಗಿ ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು. ಅದು ಕೆಲವೇ ತಿಂಗಳಲ್ಲಿ ಸರಿಹೋಯಿತು. ಎರಡೂ ಒಂದೇ ಥರದ ರಿಪೇರಿ ಅಲ್ಲ, ದೊಡ್ಡ ನದಿಗೆ ಹೊಸ ಸೇತುವೆ ಕಟ್ಟುವ ಕೆಲಸ ನಿಧಾನವೇ. ಆದರೂ ಪ್ರವಾಸಿಗಳ ರೈಲಿಗೆ ಇರುವ ಗದ್ದಲ, ಒತ್ತಾಯ, ಕ್ಯಾಮೆರಾ ಹಳ್ಳಿಯವರ ರೈಲಿಗೆ ಇಲ್ಲ ಅನ್ನುವುದು ಸುಳ್ಳಲ್ಲ.

ಇದನ್ನು ತಿರುಗಿಸಿಯೂ ನೋಡಬೇಕು. ಪ್ರವಾಸಿಗಳಿಲ್ಲದಿದ್ದರೆ ನೀಲಗಿರಿ ರೈಲು ಎಂದೋ ಗುಜರಿಗೆ ಹೋಗುತ್ತಿತ್ತು. ಬರೀ ಊರಿನವರ ಟಿಕೆಟ್ ಕಾಸಿನಲ್ಲಿ ಇಂಥ ಹಳಿ ನಡೆಸೋಕಾಗುವುದಿಲ್ಲ. ಹಾಗಾಗಿ "ಪ್ರವಾಸಿಗಳನ್ನು ಓಡಿಸಿ, ರೈಲು ನಮಗೆ ಬಿಡಿ" ಅನ್ನುವ ವಾದ ನಿಲ್ಲುವುದಿಲ್ಲ.

ದಾರಿ ಇರುವುದು ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಅದೂ 610 ಮಿ.ಮೀ. ಹಳಿಯ ಪುಟ್ಟ ರೈಲು, 1907ರದ್ದು. ಊರೊಳಗೆ ಕಾರು, ಬೈಕು ಬಿಡುವುದಿಲ್ಲ, ಎಲ್ಲರೂ ಅಮನ್ ಲಾಡ್ಜ್ ಹತ್ತಿರ ಗಾಡಿ ನಿಲ್ಲಿಸಬೇಕು. ಅಲ್ಲಿಂದ ಮಾಥೇರಾನ್‌ಗೆ ಶಟಲ್ ರೈಲು. ಮಳೆಗಾಲದಲ್ಲಿ ಕೆಳಗೆ ನೇರಳ್‌ನಿಂದ ಬರುವ ಘಾಟಿ ರೈಲನ್ನು ನಿಲ್ಲಿಸುತ್ತಾರೆ, ಮೇಲಿನ ಶಟಲ್ ಓಡುತ್ತಲೇ ಇರುತ್ತದೆ. 2019ರ ಮಳೆಗೆ ಕೊಚ್ಚಿಹೋದ ಘಾಟಿಯ ಹಳಿ ಸರಿಯಾಗೋಕೆ 2022 ಬಂತು, ಅಷ್ಟು ದಿನ ಊರಿಗೆ ಆಸರೆಯಾದದ್ದು ಆ ಶಟಲ್ಲೇ. ಒಂದೇ ಹೆಸರಿನ ರೈಲನ್ನು ಅವರು ಎರಡು ಕೆಲಸಕ್ಕೆ ಎರಡಾಗಿ ನಡೆಸುತ್ತಿದ್ದಾರೆ. ನೀಲಗಿರಿಯಲ್ಲೂ ಇದನ್ನೇ ಮಾಡಬಹುದು ಅನ್ನುವುದು ನನ್ನ ವಾದ: ಕೂನೂರಿನಿಂದ ಕೆಳಗಿನದ್ದು ಪಾರಂಪರಿಕ ರೈಲು, ಮೇಲಿನದ್ದು ಊರ ರೈಲು. ದರ, ವೇಳಾಪಟ್ಟಿ, ಸೀಟಿನ ಲೆಕ್ಕ ಎಲ್ಲ ಬೇರೆ ಬೇರೆ.

ಬರೀ ದರ ಇಳಿಸಿದರೆ ಸಾಲದು ಅನ್ನುವುದಕ್ಕೆ ನಮ್ಮೂರಿನಲ್ಲೇ ಸಾಕ್ಷಿ ಇದೆ. ಯಲಹಂಕದಿಂದ ದೇವನಹಳ್ಳಿ, ನಂದಿ ಹಾಲ್ಟ್ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿ ಒಂದು ಕಾಲದಲ್ಲಿ ನ್ಯಾರೋ ಗೇಜೇ ಆಗಿತ್ತು, ಆಮೇಲೆ ಬ್ರಾಡ್ ಗೇಜ್ ಆಯಿತು. 2021ರ ಜನವರಿಯಲ್ಲಿ ಅದೇ ಹಳಿಯ ಮೇಲೆ ವಿಮಾನ ನಿಲ್ದಾಣದ ಹಾಲ್ಟಿಗೆ ರೈಲು ಬಿಟ್ಟರು. ಟಿಕೆಟ್ ಹತ್ತು-ಹದಿನೈದು ರೂಪಾಯಿ. ಟ್ಯಾಕ್ಸಿಗೆ ಸಾವಿರ ಕೊಡುವ ಊರಿನಲ್ಲಿ ಹತ್ತು ರೂಪಾಯಿ! ಆದರೂ ಜನ ಅಷ್ಟಾಗಿ ಹತ್ತಲಿಲ್ಲ. ವಿಮಾನದ ಹೊತ್ತಿಗೆ, ಶಿಫ್ಟಿನ ಹೊತ್ತಿಗೆ ರೈಲಿಲ್ಲ, ಒಂದು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ಊರಿನವರಿಗೆ ರೈಲು ಬೇಕು ಅಂದರೆ ಮೊದಲು ಬೇಕಾದದ್ದು ಸರಿಯಾದ ಹೊತ್ತು, ದರ ಆಮೇಲೆ.

ಕೂನೂರು-ಊಟಿ ನಡುವೆಯೂ ಅದೇ ಕತೆ. ದಿನಕ್ಕೆ ಬೆರಳೆಣಿಕೆಯ ಗಾಡಿ. ಪ್ರವಾಸಿಗೆ ಹತ್ತು ಗಂಟೆಯ ರೈಲಾದರೂ ಸರಿ, ಹನ್ನೆರಡರದ್ದಾದರೂ ಸರಿ. ಫ್ಯಾಕ್ಟರಿಗೆ, ಶಾಲೆಗೆ ಹೋಗುವವರಿಗೆ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರ ಒಳಗೆ, ಸಂಜೆ ನಾಲ್ಕರಿಂದ ಆರರ ಒಳಗೆ ಬೇಕು. ಎರಡು ಗುಂಪಿಗೂ ಬೇಕಾದ ಹೊತ್ತು ಬಹುಪಾಲು ಬೇರೆಯೇ, ಹಾಗಾಗಿ ಜಗಳ ಕಾಣುವಷ್ಟು ದೊಡ್ಡದಲ್ಲ. ಬೆಳಿಗ್ಗೆ ಸಂಜೆಯ ಒಂದೊಂದು ಜೋಡಿ ಗಾಡಿಯನ್ನು ತಿಂಗಳ ಪಾಸಿನವರಿಗೂ ಅಲ್ಲೇ ಕೌಂಟರಿನಲ್ಲಿ ಟಿಕೆಟ್ ಕೊಳ್ಳುವವರಿಗೂ ಬಿಟ್ಟು, ಮಧ್ಯಾಹ್ನದ ಗಾಡಿಗಳನ್ನು ಪ್ರವಾಸಿಗಳಿಗೆ ಮುಂಗಡ ಬುಕಿಂಗಿಗೆ ಇಟ್ಟರೆ ಆಯಿತು. ಉಳಿದ ಗಾಡಿಗಳಲ್ಲೂ ಒಂದು ಬೋಗಿ ಪಾಸಿನವರಿಗೆ, ಹೊರಡುವ ಐದು ನಿಮಿಷ ಮೊದಲು ಖಾಲಿ ಇದ್ದರೆ ಯಾರು ಬೇಕಾದರೂ ಕೂರಲಿ. ಜಾಗವೇ ಸಿಗದ ರೈಲಿಗೆ ಅಗ್ಗದ ಪಾಸು ಕೊಟ್ಟು ಏನು ಮಾಡೋದು?

"ಬಸ್ಸು ಹತ್ತು ನಿಮಿಷಕ್ಕೊಂದು ಬರುವಾಗ ರೈಲು ಯಾರಿಗೆ ಬೇಕು" ಅನ್ನುವ ಮಾತು ಬಂದೇ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಮಾಮೂಲಿ ದಿನ ಬಸ್ಸೇ ಬೇಗ. ಆದರೆ ಸೀಸನ್ನಿನಲ್ಲಿ, ಮೇ ತಿಂಗಳ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಆ ರಸ್ತೆ ನೋಡಿದವರಿಗೆ ಗೊತ್ತು, ನಮ್ಮ ಕಾರುಗಳ ಹಿಂದೆ ಬಸ್ಸು ಅಲ್ಲಾಡದೆ ನಿಂತಿರುತ್ತದೆ. ರಸ್ತೆ ಕಟ್ಟಿಕೊಂಡರೂ ಹಳಿ ಕಟ್ಟಿಕೊಳ್ಳುವುದಿಲ್ಲ. ಊರಿನವರಿಗೆ ರೈಲು ಬೇಕೆನಿಸುವುದು ಅಂಥ ದಿನಗಳಲ್ಲಿ, ಅಂಥ ದಿನಗಳಲ್ಲೇ ಅದು ನಮ್ಮಿಂದ ತುಂಬಿರುತ್ತದೆ.

ಇಷ್ಟರ ನಡುವೆ ಇಲಾಖೆ 2023ರಲ್ಲಿ ಹೈಡ್ರೋಜನ್ ರೈಲಿನ ಮಾತು ಹೇಳಿತು. ಪಾರಂಪರಿಕ ಮತ್ತು ಬೆಟ್ಟದ ಮಾರ್ಗಗಳಿಗೆ 35 ರೈಲು, ಒಂದಕ್ಕೆ ಅಂದಾಜು 80 ಕೋಟಿ, ಮಾರ್ಗಕ್ಕೆ ಬೇಕಾದ ವ್ಯವಸ್ಥೆಗೆ ತಲಾ 70 ಕೋಟಿ. ಬರಲಿ, ಬೇಡ ಅನ್ನುವವರಾರು. ಆದರೆ ಹೊಸ ಇಂಜಿನ್ ತಂದು ಅದೇ ಹಳೆ ವೇಳಾಪಟ್ಟಿಯಲ್ಲಿ ಓಡಿಸಿದರೆ ಅರವಂಕಾಡಿನ ಕೆಲಸಗಾರನಿಗೆ ಏನು ಲಾಭ? ವೇಳಾಪಟ್ಟಿ ಬದಲಿಸೋಕೆ 80 ಕೋಟಿ ಬೇಕಾಗಿಲ್ಲ. ಮೇಲಿನ ಭಾಗಕ್ಕೆ ಇನ್ನೊಂದು ಡೀಸೆಲ್ ಇಂಜಿನ್, ಒಂದಷ್ಟು ಬೋಗಿ, ಸ್ವಲ್ಪ ಜನ ಬೇಕಾಗಬಹುದು.

ಈ ಮಾರ್ಗ ನೋಡಿಕೊಳ್ಳುವುದು ದಕ್ಷಿಣ ರೈಲ್ವೆಯ ಸೇಲಂ ವಿಭಾಗ. ಗಾಡಿಗಳ ಮಿತಿ ಕೋರ್ಟಿನ ಕೈಯಲ್ಲಿ, ಇ-ಪಾಸ್ ಜಿಲ್ಲಾಡಳಿತದ ಕೈಯಲ್ಲಿ, ಬಸ್ಸು ರಾಜ್ಯದ್ದು. ನಾಲ್ಕೂ ಕಡೆಯವರು ತಮ್ಮ ತಮ್ಮ ತುಂಡನ್ನಷ್ಟೇ ನೋಡುತ್ತಿದ್ದಾರೆ. ಇ-ಪಾಸ್ ಕೊಡುವಾಗಲೇ ಯಾವ ದಿಕ್ಕಿನಿಂದ ಬರುತ್ತೀರಿ, ಎಷ್ಟು ದಿನ ಇರುತ್ತೀರಿ ಅನ್ನುವುದು ಗೊತ್ತಾಗುತ್ತದೆ. ಅದೇ ಹೊತ್ತಿಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗಿನ ಕೂನೂರು ರೈಲಿನ ಟಿಕೆಟನ್ನೂ ಕೊಟ್ಟುಬಿಡಬಹುದು, ಜೊತೆಗೆ ಆ ದಿನ ಕೂನೂರು ರಸ್ತೆಗೆ ಕಾರು ಇಳಿಸುವಂತಿಲ್ಲ ಅಂತ ಷರತ್ತು ಹಾಕಬಹುದು. ಆಗ ಬೆಂಗಳೂರಿನಿಂದ ಹೋದ ನಾವು ಹಿಡಿದ ನಾಲ್ಕು ಸೀಟಿಗೆ ರಸ್ತೆಯಲ್ಲಿ ಒಂದು ಕಾರಾದರೂ ಕಡಿಮೆಯಾಗುತ್ತದೆ, ಬೆಳಗಿನ ಎಂಟರ ಗಾಡಿ ಕೇತಿಯವರಿಗೆ ಉಳಿಯುತ್ತದೆ.